ಕೋಚ್ ಅಂದ್ರ ಹೆಮ್ಮಿ, ದವಾಖಾನಿ ಅಂದ್ರ ನಾಚಿಕಿ

ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕ ಕರದಿದ್ರು, ಹೋಗಿದ್ದೆ. ಪುಟಾಣಿ-ಸಕ್ಕರಿ ತಗೊಂಡು, ಹಾಲು ಕುಡಕೋತ ಕೂತಾಗ ಒಬ್ಬ ವೈನಿಯವರು ಸರಕೊಂಡು ಬಂದು ನನ್ನ ಬಾಜೂಕ ಕೂತ್ರು. ಯಾರಿಗೂ ಕೇಳಸದಂಗ ಕೇಳಿದ್ರು: "ನಿಮ್ಮ ತಂಗಿ ಮಗಳು ಈಗ ಆರಾಮಾಗ್ಯಾಳಲ್ರಿ, ಯಾವ ಕೋಚ್ ಕಡೆ ಹೋಗಿದ್ಲು? ನಂಬರ್ ಕೊಡ್ರಿ. ನಮ್ಮ ಸೊಸಿಗೆ ಬೇಕಾಗಿತ್ತು."

ನಾ ಅಂದೆ, "ಕೋಚ್ ಕಡೆ ಅಲ್ರಿ ವೈನಿ, ಆಕಿ ಆರಾಮಾಗಿದ್ದು ದವಾಖಾನ್ಯಾಗ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಇರ್ತಾರ, ಅವರ ಕಡೆ ಥೆರಪಿ ತಗೊಂಡ್ಲು."

ಅವರ ಮಾರಿ ಒಮ್ಮೆಲೇ ಸಣ್ಣದಾತು. "ಅಯ್ಯ, ನಮ್ಮಾಕಿಗೆ ಅಷ್ಟೇನ ಆಗಿಲ್ಲ ಬಿಡ್ರಿ" ಅಂದು ಆರತಿ ಹಾಡು ಹೇಳೋರ ಕಡೆ ತಿರುಗಿದ್ರು.

ಆ ಹುಡುಗಿಗೆ ಏನಾಗೇದ ಅನ್ನೋದು ನನಗ ಗೊತ್ತದ. ಯಾರು, ಏನು ಅಂತ ನನ್ನ ಕೇಳಬ್ಯಾಡ್ರಿ, ಹೇಳಂಗಿಲ್ಲ. ಅಷ್ಟ ಆಗೇದ, ಅದಕ್ಕಿಂತ ಹೆಚ್ಚಽ ಆಗೇದ. ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ. ವೈನಿಯವರ ಮ್ಯಾಲೆ ಸಿಟ್ಟಂತೂ ಅಲ್ಲ. ಎರಡು ವರ್ಷದ ಹಿಂದ ಇದಽ ಮಾತು ನಾನೂ ಆಡಿದ್ದೆ, ಹಿಂಗಽ ಮಾರಿ ತಿರುವಿದ್ದೆ. ಹೋದ ಸಲ ಕಾಯಿಕಡಬಿನ ಬಗ್ಗೆ ಬರದಿದ್ದೆ, ಈ ಸಲ ಅಡಗಿ ಇಲ್ಲ, ಜಗಳ ಅದ. ಸಿಟ್ಟಾಗಬ್ಯಾಡ್ರಿ. ಜಗಳ ಅರ್ಧಾ ನನ್ನ ಜೋಡಿನಽ ಅದ.

ತಂಗಿ ಮಗಳನ್ನ ಕೇಳಿಯೇ ಬರೀಲಿಕತ್ತೇನಿ. ಬರದದ್ದನ್ನ ಆಕಿಗೆ ಓದಿ ಹೇಳ್ದೆ. ಎರಡು ಕಡೆ "ಇದು ಬ್ಯಾಡ ಮೌಶಿ" ಅಂದ್ಲು, ಹೊಡದು ಹಾಕೇನಿ.

ಗಂಡ-ಹೆಂಡತಿ ಇಬ್ಬರಽ ಕಾರಿನ್ಯಾಗ ಬೆಳಗಾವಿಯಿಂದ ಬರಲಿಕತ್ತಿದ್ರು, ರಾತ್ರಿ ಹೊತ್ತು. ಎದುರಿಗೆ ಲಾರಿ. ಆತ ಅಲ್ಲೇ ಹೋದ. ಆಕಿಗೆ ಕೈ ಮುರದಿತ್ತು ಅಷ್ಟ. ಬಾಗಲಾ ಒಡದು ಹೊರಗ ತಗಿಯೋ ತನಕ ಆತನ ಬಾಜೂಕಽ ಕೂತಿದ್ಲು. ಕೈ ಆರು ವಾರದಾಗ ಕೂಡ್ತು. ನಾವೆಲ್ಲಾ "ದೇವರು ದೊಡ್ಡಾಂವ, ಮಗನ ಸಲುವಾಗಿ ಉಳಿಸ್ಯಾನ" ಅಂತ ಹೇಳಿ ನಮ್ಮ ನಮ್ಮ ಮನಿಗೆ ಬಂದ್ವಿ.

ತಿಂಗಳ ಮ್ಯಾಲೆ ತಿಂಗಳು ಹೋದ್ರೂ ಆಕಿ ರಾತ್ರಿ ಮಲಗತಿದ್ದಿಲ್ಲ. ಲಾರಿ ಹಾರ್ನ್ ಕೇಳಿದ್ರ ಕೈಯಾಗಿನ ಭಾಂಡೆ ಬಿಡತಿದ್ಲು. ಡೀಸೆಲ್ ವಾಸನಿ ಬಂದ್ರ ವಾಂತಿ. ಮಗ ಜೋರಾಗಿ ಬಾಗಲಾ ಹಾಕಿದ್ರ ಅವನ್ನ ಹೊಡದು, ಆಮ್ಯಾಲೆ ಬಚ್ಚಲದಾಗ ಕೂತು ಅಳತಿದ್ಲು. "ಅವತ್ತ ಚಹಾಕ್ಕ ನಿಲ್ಲಸ್ರಿ ಅಂತ ನಾ ಅಂದಿದ್ರ ಆ ಲಾರಿ ಮುಂದ ಹೋಗಿಬಿಡತಿತ್ತು ಮೌಶಿ" ಅನ್ನೋದನ್ನ ನೂರು ಸಲ ಹೇಳ್ಯಾಳ. ನಾ ನೂರು ಸಲ "ಹಂಗ ವಿಚಾರ ಮಾಡಬ್ಯಾಡವಾ" ಅಂದೇನಿ. ನನಗ ಬರತಿದ್ದದ್ದು ಅಷ್ಟಽ.

ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಆವಾಗಽ ಹೇಳಿದ್ರು, "ಮನಸ್ಸಿನ ಡಾಕ್ಟರ್‌ಗೆ ಒಮ್ಮೆ ತೋರಸ್ರಿ" ಅಂತ. ನನ್ನ ತಂಗಿ ಹೂಂ ಅನ್ನೋದರೊಳಗ ನಾನಽ ಅಡ್ಡ ಬಾಯಿ ಹಾಕಿದೆ.

ಬ್ಯಾರೆ ಊರವರು ಯಾರರೆ ತಲಿ ಕೆಟ್ಟಂಗ ಮಾತಾಡಿದ್ರ "ಇವನ್ನ ಧಾರವಾಡಕ್ಕ ಕಳಸಬೇಕು" ಅಂತ ನಗ್ತಾರ. ನಾವು ಧಾರವಾಡದಾಗಽ ಹುಟ್ಟಿದವರು, ನಮ್ಮನ್ನ ಎಲ್ಲೆ ಕಳಸಬೇಕು? ಬ್ರಿಟಿಷರ ಕಾಲದಿಂದ ಇರೋ ದವಾಖಾನಿ ಅದು. ಈಗ ಡಿಮ್ಹಾನ್ಸ್ ಅಂತ ದೊಡ್ಡ ಸಂಸ್ಥೆ ಆಗೇದ, ಸುತ್ತಲಿನ ಜಿಲ್ಲಾದವರೆಲ್ಲಾ ನಂಬಿ ಬರ್ತಾರ. ಬಾಜೂಕ ಇರೋ ನಮಗ ಮಾತ್ರ ಅದು ಇನ್ನೂ ‘ಹುಚ್ಚರ ದವಾಖಾನಿ’. ಅದರ ಗೇಟಿನ ಮುಂದ ರಿಕ್ಷಾದಿಂದ ಇಳಿಯೋದನ್ನ ಯಾರರೆ ನೋಡಿದ್ರ ಹೆಂಗ? ಆಕಿ ವಯಸ್ಸು ಸಣ್ಣದು, ಮುಂದ ಏನರೆ ಸಂಬಂಧ ಬಂದ್ರ ಹೆಂಗ? ಮಗಗ ನಾಳೆ ಹೆಣ್ಣು ಕೊಡೋರು ಏನಂದಾರು? ಆ ಮಗಗ ಆವಾಗ ಆರು ವರ್ಷ. ಇಷ್ಟೆಲ್ಲಾ ನಾನಽ ವಿಚಾರ ಮಾಡಿ ಮುಗಿಸಿಬಿಟ್ಟಿದ್ದೆ.

ಅಷ್ಟರಾಗ ವಾಟ್ಸಾಪಿನ್ಯಾಗ ಒಂದು ಚಿತ್ರ ಬಂತು. ನಗುಮಾರಿ ಹೆಣಮಗಳು, ಹಿಂದ ಸೂರ್ಯಕಾಂತಿ ಹೂವು. ‘ಟ್ರಾಮಾ ಹೀಲಿಂಗ್ ಕೋಚ್’. ‘90 ದಿವಸದಾಗ ಹೊಸ ನೀವು’. ಕೋಚ್ ಅನ್ನೋ ಶಬ್ದ ನನಗ ಭಾಳ ಸೇರ್ತು. ಕ್ರಿಕೆಟಿಗೆ ಕೋಚ್ ಇರ್ತಾರ, ಪರೀಕ್ಷಾಕ್ಕ ಕೋಚಿಂಗ್ ಇರ್ತದ, ಅದರಾಗ ಏನ್ ನಾಚಿಕಿ? ಯಾರರೆ ಕೇಳಿದ್ರ ಹೆಮ್ಮಿಲೆ ಹೇಳಬಹುದು. ಫೀ 35 ಸಾವಿರ ರೂಪಾಯಿ. ಆ ತಿಂಗಳು ನನ್ನ ಭಿಶಿ ಬಂದಿತ್ತು, ಅದರಾಗಿಂದ ನಾನಽ ಕೊಟ್ಟೆ.

ಮೊದಲ ಎರಡು ವಾರ ಛಲೋ ಅನಿಸ್ತು, ಸುಳ್ಳ ಯಾಕ ಹೇಳ್ಲಿ. ಮುಂಜಾನೆ ಐದಕ್ಕ ಏಳೋದು, ವಹಿಯೊಳಗ ದೇವರು ಕೊಟ್ಟ ಹತ್ತು ಒಳ್ಳೇದು ಬರಿಯೋದು, ಗ್ವಾಡಿಗೆ ಮುಂದಿನ ಕನಸಿನ ಚಿತ್ರ ಅಂಟಿಸೋದು. ದಿನಾ ಯಾರರೆ ಫೋನ್ ಹಚ್ಚಿ ‘ಹೆಂಗಿದ್ದಿ’ ಅಂತ ಕೇಳಿದ್ರ ಯಾರಿಗೆ ಛಲೋ ಅನಸಂಗಿಲ್ಲ?

ಮೂರನೇ ವಾರ ‘ಬಿಡುಗಡೆ’ ಅಂತ ಒಂದು ಕ್ಲಾಸು. ಕಂಪ್ಯೂಟರಿನ ಪರದೆ ಮ್ಯಾಲೆ 40 ಮಂದಿ. ಕಣ್ಣು ಮುಚ್ಚಿ ಆ ರಾತ್ರಿಗೆ ಹೋಗು, ಕಂಡದ್ದೆಲ್ಲಾ ಹೇಳು, ಆ ಲಾರಿ ಡ್ರೈವರನ್ನ ಕ್ಷಮಿಸಿದೆ ಅನ್ನು, ಅಂತ ಹೇಳಿದ್ರಂತ. ಆಕಿ ಹೇಳಿದ್ಲು. ಆತನ ಬಾಜೂಕ ಕೂತಿದ್ದು, ಉಸಿರಿನ ಸಪ್ಪಳ ನಿಂತಿದ್ದು, ಎಲ್ಲಾ. ಗುರ್ತಿಲ್ಲದ 40 ಮಂದಿ ಚಪ್ಪಾಳಿ ತಟ್ಟಿದ್ರು. ತಾಸು ಮುಗೀತು, ಪರದೆ ಆರ್ತು. ಖೋಲ್ಯಾಗ ಆಕಿ ಒಬ್ಬಾಕಿನಽ.

ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ನಾಲ್ಕನೇ ದಿವಸ ಮಾಳಿಗಿ ಅಂಚಿನ್ಯಾಗ ನಿಂತಿದ್ಲು, ನನ್ನ ತಂಗಿ ನೋಡಿ ಕರದು ಕೆಳಗ ಇಳಿಸಿದ್ಲು. ಒಣಗಿದ ಅರಿವಿ ತಗೀಲಿಕ್ಕೆ ಹೋಗಿದ್ದೆ ಅಂದ್ಲು. ಹಗ್ಗದ ಮ್ಯಾಲೆ ಅರಿವಿ ಇರಲಿಲ್ಲ.

ಕೋಚ್‌ಗೆ ತಿಳಿಸಿದ್ವಿ. ಬಂದ ಉತ್ತರ ಇನ್ನೂ ನನ್ನ ಫೋನಿನ್ಯಾಗ ಅದ. ಇದು ‘ಹೀಲಿಂಗ್ ಕ್ರೈಸಿಸ್’ ಅಂತ. ಒಳಗಿನ ಹೊಲಸು ಹೊರಗ ಬರಲಿಕತ್ತದಂತ. ‘ನಾನು ನೊಂದಾಕಿ’ ಅನ್ನೋ ಮನಸ್ಥಿತಿ ಬಿಡಲಿಕ್ಕೆ ಆಕಿ ಇನ್ನೂ ತಯಾರಿಲ್ಲಂತ. ಒಬ್ಬಾಕಿಗೇ ಮಾಡೋ ದೊಡ್ಡ ಪ್ಯಾಕೇಜ್ ತಗೊಂಡ್ರ ಲಗೂ ಆಗ್ತದಂತ, ಅದಕ್ಕ ಇನ್ನೂ 60 ಸಾವಿರ.

ನಮ್ಮ ಅಜ್ಜಿ, ಮೈಮ್ಯಾಲೆ ಕುರು ಎದ್ರ ಯಾರಿಗೂ ಮುಟ್ಟಗೊಡತಿದ್ದಿಲ್ಲ. ಹಣ್ಣಾಗದ ಕುರು ಒತ್ತಿದ್ರ ಕೀವು ಒಳಗ ಹೋಗ್ತದ ಅಂತಿದ್ಲು. ಅಕ್ಷರಾ ಕಲೀದಾಕಿ. ಆಕಿಗೆ ತಿಳದಿದ್ದು 35 ಸಾವಿರ ತಗೊಂಡಾಕಿಗೆ ತಿಳದಿರಲಿಲ್ಲ. ಇನ್ನೊಂದು ಮಾತು, ಒತ್ತಿದ ಮ್ಯಾಲೆ ಬಾಜೂಕ ಕೂತು ತೊಳದು ಪಟ್ಟಿ ಕಟ್ಟಬೇಕಲ್ಲ, ಅದಕ್ಕೂ ಯಾರೂ ಇರಲಿಲ್ಲ.

ಮರುದಿವಸ ಮುಂಜಾನೆ ನಾನಽ ಆಕಿ ಕೈ ಹಿಡಕೊಂಡು ಆ ಗೇಟಿನ ಮುಂದ ರಿಕ್ಷಾದಿಂದ ಇಳದೆ. ಹೌದು, ಗುರ್ತಿನವರು ಒಬ್ಬರು ನೋಡಿದ್ರು. ನೋಡ್ಲಿ. ಚೀಟಿ ಮಾಡಿಸಿದ್ವಿ. ಆ ಚೀಟಿಗೆ ಕೊಟ್ಟ ರೊಕ್ಕಕ್ಕ ಸಂತ್ಯಾಗ ಎರಡು ಸಿವುಡು ಮೆಂತ್ಯಪಲ್ಯಾ ಬರತಿದ್ದಿಲ್ಲ.

ಮೊದಲು ಮನೋವೈದ್ಯರು ನೋಡಿದ್ರು. "ಜೀವಾ ಕಳಕೊಳ್ಳೋ ವಿಚಾರ ಬರ್ತದೇನು?" ಅಂತ ನೇರ ಕೇಳಿದ್ರು. ಬಾಜೂಕ ಕೂತ ನಾ ಗಾಬರಿ ಆದೆ, ಇಂಥಾದ್ದನ್ನ ಹಿಂಗ ಬಾಯಿ ಬಿಟ್ಟು ಕೇಳ್ತಾರೇನು ಅಂತ. ಆಕಿ "ಹೂಂ" ಅಂದ್ಲು. ಅಷ್ಟು ದಿವಸದಾಗ ಆಕಿನ್ನ ಆ ಪ್ರಶ್ನಾ ಕೇಳಿದವರು ಅವರೊಬ್ಬರಽ. ನಾನು ಕೇಳಿರಲಿಲ್ಲ, ಆಕಿ ಅವ್ವ ಕೇಳಿರಲಿಲ್ಲ, ಕೋಚ್ ಅಂತೂ ಕೇಳಿರಲಿಲ್ಲ. ನಿದ್ದಿಗೆ, ಹೆದರಿಕಿಗೆ ಗುಳಿಗಿ ಬರದುಕೊಟ್ಟು ಕ್ಲಿನಿಕಲ್ ಸೈಕಾಲಜಿಸ್ಟ್ ಕಡೆ ಕಳಿಸಿದ್ರು. ಮನಿಯವರಿಗೂ ಹೇಳಿದ್ರು, ಆಕಿನ್ನ ಒಬ್ಬಾಕಿನ್ನಽ ಬಿಡಬ್ಯಾಡ್ರಿ, ಮಾಳಿಗಿ ಬಾಗಲಾ ಕೀಲಿ ಹಾಕ್ರಿ.

ಆ ಸೈಕಾಲಜಿಸ್ಟ್ ಸಣ್ಣ ವಯಸ್ಸಿನ ಹುಡುಗಿ. ವಾರಕ್ಕೊಮ್ಮೆ ಮುಕ್ಕಾಲು ತಾಸು. ಐದಾರು ವಾರ ಆಕ್ಸಿಡೆಂಟಿನ ಮಾತಽ ಎತ್ತಲಿಲ್ಲ! ಉಸಿರು ಹೆಂಗ ಬಿಡಬೇಕು, ಹಾರ್ನ್ ಕೇಳಿದಾಗ ಅಂಗಾಲು ನೆಲಕ್ಕ ಒತ್ತಿ ಕಣ್ಣಿಗೆ ಕಂಡ ಐದು ಸಾಮಾನು ಹೆಂಗ ಎಣಿಸಬೇಕು, ರಾತ್ರಿ ಎಚ್ಚರಾದ್ರ ಏನ್ ಮಾಡಬೇಕು, ಯಾರಿಗೆ ಫೋನ್ ಹಚ್ಚಬೇಕು, ಬರೇ ಇದಽ. ನನಗ ತಲಿ ಕೆಡ್ತು. "ಇದೇನ್ರಿ, ಮುಖ್ಯ ಮಾತಽ ಬಿಟ್ಟು ಕಾಲು ನೆಲಕ್ಕ ಒತ್ತಿಸ್ತೀರಿ" ಅಂತ ಕೇಳೇಬಿಟ್ಟೆ. ಆಕಿ ನಕ್ಕು ಅಂದ್ಲು, "ಅಮ್ಮಾ, ಆ ರಾತ್ರಿ ಇವರಿಗೆ ಹಿಂದ ಹೋಗಿಲ್ಲರಿ. ಈಗಽ ನಡದಂಗ ಮೈಯಾಗ ನಡದದ. ಅದನ್ನ ನೋಡಲಿಕ್ಕೆ ಮೊದಲು ನಿಂದ್ರೋ ಜಾಗಾ ಬೇಕಲ್ರಿ."

ತಂಗಿ ಮಗಳು ಆರಾಮಾದಂಗ ತಾನಽ ಓದ್ಲಿಕತ್ಲು, ಓದಿ ನನಗ ಹೇಳಿದ್ಲು. ಜುಡಿತ್ ಹರ್ಮನ್ ಅನ್ನೋ ಅಮೆರಿಕಾದ ಮನೋವೈದ್ಯೆ 1992ರಾಗ ಒಂದು ಪುಸ್ತಕ ಬರದಾರ. ಯುದ್ಧಕ್ಕ ಹೋಗಿ ಬಂದ ಸೈನಿಕರಿಗೆ ಆಗೋದಽ, ಮನ್ಯಾಗ ಹೊಡಸಿಕೊಂಡ, ಕೆಟ್ಟದ್ದು ಅನುಭವಿಸಿದ ಹೆಂಗಸರಿಗೂ ಆಗ್ತದ ಅಂತ ತೋರಿಸಿಕೊಟ್ಟವರು. ಆರಾಮಾಗೋ ಹಾದಿಗೆ ಮೂರು ಪಾವಟಿಗಿ ಹೇಳ್ಯಾರ. ಮೊದಲನೇದ್ದು, ನಾ ಈಗ ಸುರಕ್ಷಿತ ಇದ್ದೇನಿ ಅಂತ ಆಕಿಗೆ ಅನಸಬೇಕು. ಎರಡನೇದ್ದು, ಆದದ್ದನ್ನ ನೆನಸೋದು, ಕಳಕೊಂಡದ್ದಕ್ಕ ಅಳೋದು. ಮೂರನೇದ್ದು, ಮತ್ತ ಮಂದಿ ಜೋಡಿ, ಬದುಕಿನ ಜೋಡಿ ಕೂಡೋದು. ನಮ್ಮ ಕೋಚ್ ಮೂರನೇ ಪಾವಟಿಗಿ ಮ್ಯಾಲೆ ನಿಂತು ‘ಬಾ ಮ್ಯಾಲೆ’ ಅಂತ ಕೈ ಮಾಡಿದ್ಲು, ಬರದಿದ್ದಕ್ಕ ಎರಡನೇದ್ದರ ಮ್ಯಾಲೆ ಎತ್ತಿ ಒಗದ್ಲು. ಮೊದಲನೇದ್ದು ಅಂತ ಒಂದು ಇರ್ತದ ಅನ್ನೋದಽ ಆಕಿಗೆ ಗೊತ್ತಿರಲಿಲ್ಲ.

ಎರಡನೇ ಪಾವಟಿಗಿ ಇಲ್ಲೂ ಬಂತು, ಆದ್ರ ಹೊತ್ತು ನೋಡಿ ಬಂತು. ಒಂದು ವಾರ ಟೋಲ್ ದಾಟೋ ತನಕ ಹೇಳೋದು, ಅಲ್ಲಿಗೆ ಸಾಕು. ಮುಂದಿನ ವಾರ ಇನ್ನೊಂಚೂರು. ಹೇಳಿದ ಮ್ಯಾಲೆ ಮೈ ತಣ್ಣಗಾಗೋ ತನಕ ಎಬ್ಬಿಸಿ ಕಳಸತಿದ್ದಿಲ್ಲ. ‘ಚಹಾಕ್ಕ ನಿಲ್ಲಸ್ರಿ ಅಂದಿದ್ರ’ ಅನ್ನೋ ಮಾತನ್ನ, ನಾ ನೂರು ಸಲ ಮುಚ್ಚಿ ಹಾಕಿದ ಮಾತನ್ನ, ಆ ಹುಡುಗಿ ಬಿಚ್ಚಿ ಮುಂದ ಇಟ್ಟು ಆಕಿ ಕಡಿಂದಽ ಪರೀಕ್ಷಾ ಮಾಡಿಸಿದ್ಲು. ಅದರ ಜೋಡಿ ಕಾರು. ಮೊದಲು ಗೇಟಿನೊಳಗ ನಿಂತ ಕಾರಿನ ಮುಂದಿನ ಸೀಟಿನ್ಯಾಗ ಐದು ಮಿನಿಟು ಕೂಡೋದು. ಆಮ್ಯಾಲೆ ಓಣಿ ತುದಿ ತನಕ. ಆಮ್ಯಾಲೆ ಜುಬಿಲಿ ಸರ್ಕಲ್ ತನಕ. ಜುಬಿಲಿ ಸರ್ಕಲ್ ತಲಪಲಿಕ್ಕೆ ನಮಗ ಎರಡು ತಿಂಗಳು ಹಿಡೀತು. ಅವತ್ತ ಫೇಡೆ ತಗೊಂಡು ಮನಿಗೆ ಬಂದ್ವಿ.

ಇದು ಆ ಹುಡುಗಿ ತನ್ನ ಮನಸ್ಸಿನಿಂದ ಮಾಡಿದ ಪದ್ಧತಿ ಅಲ್ಲ. ಇಂಥಾ ಆಘಾತದ ನಂತರದ ಬ್ಯಾನಿಗೆ ಡಾಕ್ಟರರ ಪುಸ್ತಕದಾಗ ಪಿಟಿಎಸ್‌ಡಿ ಅಂತ ಹೆಸರು ಅದ, ಅಮೆರಿಕಾದ ಮನೋವೈದ್ಯರು 1980ರಾಗ ಆ ಹೆಸರು ಸೇರಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 2013ರಾಗ ಇದಕ್ಕ ಯಾವ ಥೆರಪಿ ಕೊಡಬೇಕು ಅಂತ ಮಾರ್ಗಸೂಚಿ ಬರದದ. ಆಘಾತದ ಮ್ಯಾಲೆಽ ಕೇಂದ್ರ ಇಟ್ಟ ಸಿಬಿಟಿ ಅನ್ನೋದು ಒಂದು, ಕಣ್ಣು ಅತ್ತಿತ್ತ ಹೊರಳಿಸಿ ಮಾಡೋ ಇಎಂಡಿಆರ್ ಅನ್ನೋದು ಇನ್ನೊಂದು. ಎರಡಕ್ಕೂ ಕಲತವರಽ ಬೇಕು. ಕೆಟ್ಟ ಘಟನಾ ಆದ ತಕ್ಷಣ ಮಂದಿನ್ನ ಕೂಡಿಸಿ ಒಮ್ಮೆಲೇ ಎಲ್ಲಾ ಕಕ್ಕಿಸೋದರಿಂದ ಮುಂದಿನ ಬ್ಯಾನಿ ತಪ್ಪಂಗಿಲ್ಲ, ಅದನ್ನ ಮಾಡಬ್ಯಾಡ್ರಿ ಅಂತನೂ ಬಲ್ಲವರು ಹೇಳಿಟ್ಟಾರ.

ಇನ್ನ ಕೋಚ್ ಅಂದ್ರ ಯಾರು? ನಮ್ಮ ದೇಶದಾಗ ನಾಳೆ ಮುಂಜಾನೆ ನಾನೂ ಕೋಚ್ ಅಂತ ಬೋರ್ಡ್ ಹಾಕಬಹುದು. ಪಿಯುಸಿ ಓದಿದಾಕಿ, ಬೇಡ ಅನ್ನೋ ಕಾಯ್ದೆ ಇಲ್ಲ. ನಮ್ಮ ಕೋಚ್ ಕಂಪ್ಯೂಟರಿನ ಕೆಲಸಾ ಬಿಟ್ಟು ಕೆಲವು ಶನಿವಾರ-ರವಿವಾರ ಆನ್‌ಲೈನ್ ಕಲತು ಸರ್ಟಿಫಿಕೇಟ್ ತಗೊಂಡಾಕಿ, ಇದನ್ನ ತಾನಽ ಹೆಮ್ಮಿಲೆ ಹೇಳಿದ್ಲು. ಈಗಿರೋ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರ ಸಾಮಾನ್ಯವಾಗಿ ಮನಃಶಾಸ್ತ್ರದಾಗ ಎಂ.ಎ. ಆಗಿ, ಅದರ ಮ್ಯಾಲೆ ಎರಡು ವರ್ಷ ದವಾಖಾನ್ಯಾಗ ರೋಗಿಗಳ ನಡುವ ಎಂ.ಫಿಲ್. ಮಾಡಿದವರು. ಭಾರತೀಯ ಪುನರ್ವಸತಿ ಪರಿಷತ್ತಿನ್ಯಾಗ ಹೆಸರು ನೋಂದಣಿ ಆಗಿರ್ತದ, ಅದಕ್ಕೊಂದು ನಂಬರ್ ಇರ್ತದ. ಕೇಳ್ರಿ ನಂಬರ್! ಹಾಲಿನಾಂವ ಅರ್ಧಾ ಲೀಟರ್ ಕಡಿಮಿ ಹಾಕಿದ್ರ ಬೀದ್ಯಾಗ ನಿಂತು ಕೇಳೋವರು, ಇದನ್ನ ಕೇಳಲಿಕ್ಕೆ ನಮಗ ಸಂಕೋಚ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿ ಮಾತು ಗುಪ್ತ ಇಡಿಸಿಕೊಳ್ಳೋದು ರೋಗಿ ಹಕ್ಕು. ನಮ್ಮಾಕಿ ಮಾತು ಕೇಳಿದ ಆ 40 ಮಂದಿನ್ನ ಯಾವ ಹಕ್ಕಿನಿಂದ ಹಿಡೀಲಿ?

ಕೋಚ್‌ಗಳೆಲ್ಲಾ ಕಳ್ಳರು ಅಂತ ನಾ ಅನ್ನಂಗಿಲ್ಲ. ಅಕ್ಕನ ಮಗ ನೌಕರಿ ಬದಲಿ ಮಾಡೋವಾಗ ಒಬ್ಬರ ಕಡೆ ಹೋಗಿದ್ದ, ಛಲೋ ಆತು. ನಿಂತಾಂವಗ ಓಡೋದು ಕಲಸೋದು ಅವರ ಕೆಲಸಾ. ಅವರದ್ದಽ ಅಂತಾರಾಷ್ಟ್ರೀಯ ಸಂಸ್ಥೆ ಅದ, ಐಸಿಎಫ್ ಅಂತ, 1995ರಾಗ ಹುಟ್ಟಿದ್ದು. ಬಂದವರಿಗೆ ಥೆರಪಿ ಬೇಕು ಅನಿಸಿದ್ರ ಅವರನ್ನ ಥೆರಪಿಸ್ಟ್ ಕಡೆ ಕಳಸ್ರಿ ಅಂತ ಆ ಸಂಸ್ಥೆನಽ ತನ್ನ ಕೋಚ್‌ಗಳಿಗೆ ಹೇಳ್ತದ. ಹಂಗ ಕಳಸೋ ಕೋಚ್ ಸಿಕ್ರ ಕೈ ಮುಗೀತೇನಿ. ‘ಟ್ರಾಮಾ’ ಅನ್ನೋ ಶಬ್ದ ಬೋರ್ಡಿನ ಮ್ಯಾಲೆ ಬರದು ಅಂಗಡಿ ಹಾಕಿದವರ ಮ್ಯಾಲೆ ನನ್ನ ಜಗಳ.

ನೀವು ಅಂತೀರಿ, ದವಾಖಾನ್ಯಾಗೂ ಎಲ್ಲಾರೂ ಛಲೋ ಇರ್ತಾರೇನು? ಇರಂಗಿಲ್ಲ. ನಡುವ ಒಮ್ಮೆ ಆಕಿಗೆ ನಿದ್ದಿ ಕೆಟ್ಟಾಗ ಒಬ್ಬ ಖಾಸಗಿ ಡಾಕ್ಟರ್ ಕಡೆ ಹೋಗಿದ್ವಿ, ಮಾರಿ ಎತ್ತಿ ನೋಡದಽ ಐದು ಮಿನಿಟಿನ್ಯಾಗ ಚೀಟಿ ಗೀಚಿ ಕೊಟ್ರು. ಬಿಟ್ವಿ, ಬದಲಿ ಮಾಡಿದ್ವಿ. ಬ್ಯಾಳಿ ಕುದಿಲಿಲ್ಲಂತ ಬ್ಯಾಳಿ ತಿನ್ನೋದಽ ಬಿಡ್ತೇವೇನು? ರೊಕ್ಕದ ಮಾತಂತೀರಿ, ಖಾಸಗಿ ಥೆರಪಿ ತುಟ್ಟಿ, ಖರೇನಽ ಅದ. ಅದಕ್ಕಽ ಸರಕಾರಿ ದವಾಖಾನಿ ಹೇಳಲಿಕತ್ತೇನಿ. ಜಿಲ್ಲಾಕ್ಕೊಂದು ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇಡೀ ದೇಶದಾಗ ನಡದದಲ್ಲ, ಅದರ ಮಾದರಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲಾ, 1980ರ ದಶಕದಾಗ. ನಮ್ಮಽ ನಾಡಿನ್ಯಾಗ ಹುಟ್ಟಿದ್ದು ನಮಗ ನಾಚಿಕಿ.

ಹಿರ್ಯಾರು ಇನ್ನೊಂದು ಅಂತಾರ: "ನಮ್ಮ ಕಾಲದಾಗ ಇದೆಲ್ಲಾ ಎಲ್ಲಿತ್ತು? ನಾವು ಬದುಕಲಿಲ್ಲೇನು?" ನಮ್ಮ ಅತ್ತಿಯವರ ಮಾತು ಹೇಳ್ತೇನಿ, ಅವರು ಈಗಿಲ್ಲ. ಅವರ ಮೂರು ವರ್ಷದ ಕೂಸು ಹಿತ್ತಲ ಬಾವ್ಯಾಗ ಬಿದ್ದು ಹೋಗಿತ್ತಂತ, ನಾ ಲಗ್ನಾ ಆಗಿ ಬರೋದಕ್ಕಿಂತ ಎಷ್ಟೋ ವರ್ಷದ ಹಿಂದ. ಹದಿಮೂರನೇ ದಿವಸಕ್ಕ ಅಡಗಿಮನಿಗೆ ಬಂದು ಒಲಿ ಹಚ್ಚಿದ್ರಂತ. ‘ಗಟ್ಟಿ ಹೆಣಮಗಳು’ ಅಂತ ಊರೆಲ್ಲಾ ಹೊಗಳತಿತ್ತು. ಆ ಗಟ್ಟಿ ಹೆಣಮಗಳು ದೀಪ ಹಚ್ಚೋ ಹೊತ್ತಾದ ಮ್ಯಾಲೆ ಹಿತ್ತಲ ಬಾಗಲಾ ದಾಟಿದ್ದು ನಾ ಒಮ್ಮೆನೂ ನೋಡಲಿಲ್ಲ. ಹುಡುಗ್ರು ನೀರಿನ ಹಂಡೆ ಹತ್ರ ಹೋದ್ರ ಬೆನ್ನ ಮ್ಯಾಲೆ ಬರಿ ಬರೋ ಹಂಗ ಹೊಡೀತಿದ್ರು. ನಡುರಾತ್ರಿ ಎದ್ದು ಮಲಗಿದ ಮಕ್ಕಳ ಮೂಗಿನ ಮುಂದ ಕೈ ಹಿಡದು ಉಸಿರು ನೋಡತಿದ್ರು, ನನ್ನ ಮಕ್ಕಳದ್ದೂ ನೋಡ್ಯಾರ. ಸೊಸೆಂದ್ರು ಕೂಡಿ ‘ಸಿಟ್ಟಿನ ಮುದುಕಿ’ ಅಂತ ಹಿಂದ ಆಡಿಕೊಂಡು ನಗತಿದ್ವಿ. ಬದುಕಿದ್ರು, ಹೌದು. 82 ವರ್ಷ ಬದುಕಿದ್ರು. ಹೆಂಗ ಬದುಕಿದ್ರಿ ಅಂತ ಮಾತ್ರ ಯಾರೂ ಕೇಳಲಿಲ್ಲ. ಮಾಳಿಗಿ ಅಂಚಿನ್ಯಾಗ ನಿಂತ ನಮ್ಮ ಹುಡುಗಿ ಬಗ್ಗೆ ಕೇಳಿದಾಗ ನನಗ ಮೊದಲು ನೆನಪಾದದ್ದು ಅವರ ಆ ಕೈ.

ತಂಗಿ ಮಗಳು ಪೂರಾ ಆರಾಮಾಗ್ಯಾಳ ಅಂತ ಅಲ್ಲ. ಆತ ಹೋದ ದಿವಸ ಬಂತಂದ್ರ ಇನ್ನೂ ಒಂದು ವಾರ ಊಟಾ ಸೇರಂಗಿಲ್ಲ. ಗುಳಿಗಿ ಡಾಕ್ಟರಽ ಕಡಿಮಿ ಮಾಡಿ ಬಿಡಿಸ್ಯಾರ. ಈಗ ಸಾಲಿಗೆ ಮತ್ತ ಕಲಸಲಿಕ್ಕೆ ಹೊಂಟಾಳ. ಮಗನ್ನ ಹೊಡೆಯೋದು ನಿಂತದ, ಅದು ದೊಡ್ಡದು. ಬೆಳಗಾವಿ ಹಾದಿಗೆ ಇನ್ನೂ ಹೋಗಿಲ್ಲ. ಹೋಗಬೇಕಂತ ಅದ, ಆದ್ರ ಯಾವಾಗ ಅನ್ನೋದು ಆಕಿಗೆ ಬಿಟ್ಟದ್ದು.

ಗೇಟಿನ ತನಕ ಹೋಗಲಿಕ್ಕೂ ಧೈರ್ಯ ಬರದವರು ಮೊದಲು ಫೋನ್ ಮಾಡ್ರಿ. ಟೆಲಿ ಮಾನಸ್ ಅಂತ ಸರಕಾರದ್ದು, 2022ರಿಂದ ಅದ, ನಂಬರ್ 14416. ರೊಕ್ಕ ಬೀಳಂಗಿಲ್ಲ, ಹಗಲು-ರಾತ್ರಿ ಯಾವಾಗರೆ ಮಾಡಬಹುದು, ಕನ್ನಡದಾಗ ಮಾತಾಡ್ತಾರ. ಜೀವಾ ಕಳಕೊಳ್ಳೋ ಮಾತು ಬಂದಿದ್ರ ಫೋನಿಗೂ ಕಾಯಬ್ಯಾಡ್ರಿ, ಸೀದಾ ಕರಕೊಂಡು ಹೋಗ್ರಿ. ಒಬ್ಬರಿಗೆ ಹೋಗಲಿಕ್ಕೆ ಸಂಕೋಚ ಆದ್ರ ನನ್ನ ಕರೀರಿ, ಯಾವ ಬಾಗಲದಾಗ ಚೀಟಿ ಮಾಡಸ್ತಾರ, ಎಲ್ಲೆ ಕೂಡಬೇಕು ನನಗ ಗೊತ್ತದ. ಅಡಗಿ ಮುಂಜಾನೆನಽ ಮುಗಿಸಿರ್ತೇನಿ.

ಬರೋ ಶುಕ್ರವಾರ ಮತ್ತ ಎಲ್ಲಾರೂ ಸೇರ್ತೇವಿ. ಆ ವೈನಿಯವರ ಬಾಜೂಕ ಜಾಗಾ ಹಿಡದು ಕೂಡಾಕಿ ನಾನು. ಅವರು ಆರತಿ ಕಡೆ ತಿರುಗಿದ್ರ ತಿರುಗಲಿ, ಹಾಡು ಮುಗಿಯೋ ತನಕ ಕೂತಿರ್ತೇನಿ.